ಬರ್ತೀನಿ ಅನ್ನೋವರೆಗೂ ಬಿಡಬೇಡ

ಇನ್ನೊಂದು ತಿಂಗಳಲ್ಲಿ ಕಂಪ್ಯೂಟರ್ ಭಾಷೆಯನ್ನು ಅರೆದು ಕುಡಿಯದಿದ್ದರೆ ತನ್ನ ಹೆಸರು ಚಲಪತಿಯೇ ಅಲ್ಲ ಎಂದು ದೊಡ್ಡಬಳ್ಳಾಪುರ ಪಕ್ಕದ ಮಧುರೆಯ ಚಲಪತಿ ಊಟದ ತಟ್ಟೆಯ ಮುಂದೆ ಘೋಷಿಸಿದ. ಹೆಂಡತಿ ರೂಪ ಮುದ್ದೆ ಬಡಿಸುತ್ತ, ಹಾಗಾದರೆ ಬೇರೆ ಹೆಸರು ಈಗಲೇ ಹುಡುಕಿಡಿ, ಗೃಹಪ್ರವೇಶದ ಪತ್ರಿಕೆಗೆ ಹಾಕಿಸಬೇಕಲ್ಲ ಎಂದಳು.

ಈ ಶಪಥಕ್ಕೆ ಕಾರಣ ಅನಿಲ್‌ಕುಮಾರ್. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಫ್ಯಾಕ್ಟರಿಯ ಸ್ಟೋರಿನಲ್ಲಿ ಚಲಪತಿ ಬಹಳ ವರ್ಷದಿಂದ ಗುಂಡಿ, ದಾರ, ಜಿಪ್ಪುಗಳ ಚಕ್ರವರ್ತಿ. ಅಲ್ಲಿಗೆ ಹೊಸದಾಗಿ ಬಂದ ಸೂಪರ್‌ವೈಸರ್ ಅನಿಲ್‌ಕುಮಾರ್ ಎಲ್ಲರ ಮುಂದೆ, "ಈ ಪೈಥಾನ್ ಭಾಷೆ ಎಲ್ಲ ನಿಮಗ್ಯಾಕೆ ಬಿಡಿ ಸಾರ್, ಈ ವಯಸ್ಸಲ್ಲಿ ತಲೆಗೆ ಹತ್ತಲ್ಲ" ಎಂದುಬಿಟ್ಟಿದ್ದ. ಚಲಪತಿಗೆ ಮೈಯೆಲ್ಲ ಉರಿದುಹೋಯಿತು. ಅವನ ಮೈ ಉರಿಯುವುದಕ್ಕೆ ಅಂಥ ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ ಅನ್ನಿ.

ಕಲಿಕೆ ಶುರುವಾಯಿತು. ಯೂಟ್ಯೂಬಿನ ಮೇಷ್ಟರು ನಗುನಗುತ್ತ ಹೇಳಿಕೊಡುತ್ತಿದ್ದರು, ಚಲಪತಿ ಹಲ್ಲು ಕಡಿಯುತ್ತ ಕಲಿಯುತ್ತಿದ್ದ. ಏಳನೇ ಸಾಲಿನಲ್ಲಿ ತಪ್ಪಿದೆ ಎಂದು ಕಂಪ್ಯೂಟರ್ ಕೆಂಪಕ್ಷರದಲ್ಲಿ ಹೇಳಿದಾಗಲೆಲ್ಲ ಪಿತ್ತ ನೆತ್ತಿಗೇರುತ್ತಿತ್ತು. ತಪ್ಪು ಎಲ್ಲಿದೆ ಅಂತ ಗೊತ್ತಿದ್ದ ಮೇಲೆ ತಿದ್ದಿಕೊಳ್ಳಲು ಅದಕ್ಕೇನು ರೋಗ? ಸಾಲಿನ ಮೊದಲಲ್ಲಿ ಒಂದಿಷ್ಟು ಜಾಗ ಬಿಡದಿದ್ದರೆ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ.

"ನಿಮ್ಮಣ್ಣನಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ ಕಣೆ" ಎಂದು ಹೆಂಡತಿಯ ಮೇಲೆ ರೇಗಿದ. "ಒಂದ್ಚೂರು ಮರ್ಯಾದೆ ಕಮ್ಮಿಯಾದ್ರೆ ಸಾಕು, ಮುಖ ಊದಿಸ್ಕೊಂಡು ಕೂತ್ಕೊಳ್ತದೆ."

ರೂಪ ಎದ್ದು ಅಡುಗೆಮನೆಗೆ ಹೋದಳು. ಅವಳು ಸುಮ್ಮನಾಗುವ ಮಾತು ಅದೊಂದೇ. ಅವಳಣ್ಣ, ಆವತಿಯ ರಾಮಾಂಜಿನಪ್ಪ, ಈ ಮನೆಗೆ ಕಾಲಿಡದೆ ಮೂರು ವರ್ಷವಾಗಿತ್ತು. ಮಗಳು ರಮ್ಯ ದೊಡ್ಡವಳಾದಾಗ ಮಾಡಿದ ಆರತಿಯ ದಿನ, ಊಟಕ್ಕೇಳಿ ಬಾವ ಎಂದು ಚಲಪತಿ ಒಂದು ಸಲ ಕರೆದಿದ್ದ. ಆಮೇಲೆ ಮಾಡಿದರಾಯಿತು ಎಂದು ಬಾವ ಹೇಳಿದ್ದನ್ನು ಈ ಪುಣ್ಯಾತ್ಮ ನಂಬಿ, ಹೋಗಿ ತಾನು ಉಂಡು ಕೈತೊಳೆದ. ಎರಡನೇ ಸಲ ಯಾರೂ ಕರೆಯಲಿಲ್ಲವೆಂದು ಸಿಟ್ಟಾಗಿ ಹಸಿದ ಹೊಟ್ಟೆಯಲ್ಲೇ ಎದ್ದುಹೋದ ರಾಮಾಂಜಿನಪ್ಪ ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ಹೊಸಮನೆ ಎದ್ದು ನಿಂತಿದೆ. ಅಣ್ಣ ತವರಿನ ಸೀರೆ ತಂದು ಮಡಿಲಿಗೆ ಹಾಕದಿದ್ದರೆ ತಾನು ಹಾಲು ಉಕ್ಕಿಸಲು ಒಲೆಯೇ ಹಚ್ಚುವುದಿಲ್ಲ ಎಂದು ರೂಪ ಖಡಾಖಂಡಿತವಾಗಿ ಹೇಳಿದ್ದಳು. ಭಾನುವಾರ ಇಬ್ಬರೂ ಆವತಿಗೆ ಹೋಗಿ, ಕುಂಕುಮ ಕೊಟ್ಟು ಕರೆದು ಬರುವುದೆಂದು ತೀರ್ಮಾನವಾಗಿತ್ತು.

ಅಷ್ಟರಲ್ಲಿ ಯೂಟ್ಯೂಬಿನ ಮೇಷ್ಟರು 'ಲೂಪ್' ಎಂಬ ಪಾಠಕ್ಕೆ ಬಂದರು. ಬೇಕಾದ ಉತ್ತರ ಸಿಗುವವರೆಗೆ ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತಲೇ ಇರುವ ವಿದ್ಯೆ! ಚಲಪತಿ ಕುರ್ಚಿಯಿಂದ ಎದ್ದು ನಿಂತ. ಎರಡನೇ ಸಲ ಕರೆಯಲಿಲ್ಲ ಅಂತ ತಾನೆ ಬಾವನ ಮುನಿಸು? ಹಾಗಾದರೆ ಕರೆಯುತ್ತಲೇ ಇದ್ದರಾಯಿತು! ವಾಟ್ಸಾಪಿಗೆ ಗಂಟು ಹಾಕುವ ಭಾಗವನ್ನು, ಯಾಕೆ ಏನು ಅಂತ ಹೇಳದೆ, ಅನಿಲ್‌ಕುಮಾರನಿಂದಲೇ ಇಸಿದುಕೊಂಡ. ಉಳಿದದ್ದು ಸ್ವಂತ ಪ್ರತಿಭೆ. ಉತ್ತರದಲ್ಲಿ 'ಬರ್ತೀನಿ' ಅಂತ ಇದ್ದರೆ ನಿಲ್ಲು, ಇಲ್ಲದಿದ್ದರೆ ಮತ್ತೆ ಕರೆ. ಗಂಟೆಗೊಂದು ಸಲ ಕರೆದರೆ ಸಾಕೆಂದು, ನಡುವಿನ ಬಿಡುವು ಅರವತ್ತು ಎಂದು ಬರೆದ. ಕಂಪ್ಯೂಟರ್ ಎಣಿಸುವುದು ನಿಮಿಷವನ್ನಲ್ಲ, ಸೆಕೆಂಡನ್ನು ಎಂಬುದು ಮುಂದಿನ ಪಾಠದಲ್ಲಿತ್ತು.

ಬುಧವಾರ ಬೆಳಿಗ್ಗೆ ಪ್ರೋಗ್ರಾಂ ಓಡಿಸಿದ. ಯಾರೂ ಮುಟ್ಟಬಾರದೆಂದು ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈ ಜೇಬಿಗೆ ಹಾಕಿಕೊಂಡು ಫ್ಯಾಕ್ಟರಿಗೆ ಹೊರಟ. ಅಲ್ಲಿ ಎಲ್ಲರ ಫೋನನ್ನೂ ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ. ಅಂದು ಅನಿಲ್‌ಕುಮಾರನನ್ನು ನೋಡಿ ಅವನು ನಕ್ಕ ನಗು ನೋಡಬೇಕಿತ್ತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೇಟಿಗೆ ಬಂದು ಫೋನ್ ತೆರೆದ. "ಗೃಹಪ್ರವೇಶಕ್ಕೆ ಸಕುಟುಂಬ ಸಮೇತರಾಗಿ ದಯಮಾಡಿಸಬೇಕು. ಬರ್ತೀರಾ?" ಎಂಬ ಕರೆ ಬಾವನಿಗೆ ಎಡೆಬಿಡದೆ ಹೋಗಿತ್ತು. ಮೊದಲ ಕರೆಗೇ ರಾಮಾಂಜಿನಪ್ಪ 'ನೋಡಣ' ಎಂದು ಉತ್ತರಿಸಿದ್ದ. ದಯಮಾಡಿಸಬೇಕು, ಬರ್ತೀರಾ? 'ನೋಡಣ ಅಂದ್ನಲ್ಲಪ್ಪಾ' ಎಂದಿದ್ದ. ದಯಮಾಡಿಸಬೇಕು, ಬರ್ತೀರಾ? 'ತೋಟದಲ್ಲಿದ್ದೀನಿ' ಎಂದಿದ್ದ. ಬರ್ತೀರಾ? 'ಏನಯ್ಯಾ, ಅಣಕಿಸ್ತಿದ್ದೀಯಾ' ಎಂದು ಕೇಳಿದ್ದ. ಅದಕ್ಕೂ ಆ ಯಂತ್ರ ಅಷ್ಟೇ ವಿನಯದಿಂದ ದಯಮಾಡಿಸಿ ಎಂದಿತ್ತು. ಆಮೇಲೂ ನಿಮಿಷಕ್ಕೊಂದರಂತೆ ಕರೆ ಹೋಗುತ್ತಲೇ ಇತ್ತು. ಕೊನೆಗೊಂದು ಉತ್ತರ ಬಂದಿತ್ತು: 'ಮನೇಲೇ ಇರು. ಹೊರಟೆ.'

ಅದರ ಕೆಳಗೆ ರೂಪಳ ಮಿಸ್ಡ್ ಕಾಲುಗಳ ದೊಡ್ಡ ಸಾಲು. ಚಲಪತಿ ಅರ್ಧ ದಿನದ ರಜೆ ಬರೆದೊಗೆದು ಬೈಕು ಹತ್ತಿದ. ದಾರಿಯುದ್ದಕ್ಕೂ ಅನಿಲ್‌ಕುಮಾರನನ್ನು ಬೈದ, ಪೈಥಾನನ್ನು ಬೈದ, ನಗುಮುಖದ ಮೇಷ್ಟರನ್ನು ಬೈದ. ಬೈಯಬೇಕಾದವನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲರಿಗೂ ಮಂಗಳಾರತಿ ಆಯಿತು.

ರೂಪ ಬಾಗಿಲಲ್ಲೇ ನಿಂತಿದ್ದಳು. ಅತ್ತಿಗೆ ಫೋನು ಮಾಡಿ ಉಗಿದದ್ದನ್ನೆಲ್ಲ ಗಂಡನಿಗೆ ಬಡ್ಡಿ ಸಮೇತ ಒಪ್ಪಿಸಿ, ಬೀಗದ ಕೈಗೆ ಕೈಯೊಡ್ಡಿದಳು. "ಇದ್ದೊಂದು ತವರನ್ನೂ ಕಳೆದ್ರಿ. ಸಮಾಧಾನ ಆಯ್ತಾ?" ಎಂದಳು. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು, ಅವಳು ಅಳುತ್ತಿದ್ದಳು. ಚಲಪತಿ ಬೀಗದ ಕೈಯನ್ನು ಅವಳ ಕೈಗಿಟ್ಟ.

ಬೀರು ತೆಗೆದು ಯಂತ್ರದ ಬಾಯಿ ಮುಚ್ಚಿಸುವಷ್ಟರಲ್ಲಿ ಹೊರಗೆ ಬೈಕಿನ ಸದ್ದಾಯಿತು. ರಾಮಾಂಜಿನಪ್ಪ ಗೇಟಿನಾಚೆಯೇ ನಿಂತು ಬೀದಿಗೆಲ್ಲ ಕೇಳುವಂತೆ ಶುರುಮಾಡಿದ. ತನ್ನನ್ನು ಏನೆಂದುಕೊಂಡಿದ್ದಾನೆ ಇವನು, ಅನ್ನಕ್ಕೆ ಗತಿಯಿಲ್ಲದೆ ಕೂತಿದ್ದೇನೆಂದೇ, ತೋಟದಲ್ಲಿ ಆಳುಗಳ ಮುಂದೆ ಜೇಬು ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು, ಎಲ್ಲರೂ ನಕ್ಕರು ಎಂದೆಲ್ಲ ಕೂಗಾಡಿದ. ಚಲಪತಿ ಲೂಪ್ ಎಂದರೇನು ಎಂದು ವಿವರಿಸಲು ಬಾಯಿ ತೆರೆದ. ರೂಪ ಅವನನ್ನು ಪಕ್ಕಕ್ಕೆ ತಳ್ಳಿ ಗೇಟಿಗೆ ಹೋದಳು.

"ಒಳಗೆ ಬಾ ಅಣ್ಣ" ಎಂದಳು. ಬೇಡ ಎಂದ. ಕಾಫಿ ಆದರೂ ಕುಡಿ ಎಂದಳು. ಬೇಡ ಅಂದೆನಲ್ಲ ಎಂದ. ಬಿಸಿಲಲ್ಲಿ ಬಂದಿದ್ದೀಯ, ಒಂದು ಲೋಟ ನೀರು ಕುಡಿದು ಬೈಯಿ ಎಂದಳು. ರಾಮಾಂಜಿನಪ್ಪ ಗೊಣಗುತ್ತ ಚಪ್ಪಲಿ ಬಿಟ್ಟ. ನೀರಿನ ಹಿಂದೆ ಕಾಫಿ ಬಂತು, ಕಾಫಿಯ ಹಿಂದೆ ಕೋಡುಬಳೆ ಬಂತು. ಆಮೇಲೆ ರೂಪ ತಟ್ಟೆಯಲ್ಲಿ ಕುಂಕುಮ, ಎಲೆ ಅಡಿಕೆ ತಂದು ಮುಂದೆ ಹಿಡಿದಳು.

"ನೀನು ಬಂದ್ರೇನೇ ಅಣ್ಣ, ನಾನು ಒಲೆ ಹಚ್ಚೋದು."

ರಾಮಾಂಜಿನಪ್ಪ ಕುಂಕುಮ ಹಣೆಗಿಟ್ಟುಕೊಂಡ. ತಂಗಿಯ ಮುಖ ನೋಡಲಾರದೆ ತಾರಸಿ ನೋಡಿದ. "ನೋಡಣ" ಎಂದ. ಅಡುಗೆಯವರು ಯಾರು ಎಂದು ವಿಚಾರಿಸಿ, ನೀನು ಈಗೆಲ್ಲ ಯಾವ ಬಣ್ಣದ ಸೀರೆ ಉಡೋದು ಎಂದು ಕೇಳಿ, ಚಲಪತಿಯ ಕಡೆ ತಿರುಗಿಯೂ ನೋಡದೆ ಬೈಕು ಹತ್ತಿ ಹೊರಟುಹೋದ.

ಚಲಪತಿಗೆ ಮತ್ತೆ ನೆತ್ತಿ ಕಾಯಿತು. "ನೋಡಿದ್ಯಾ ನಿಮ್ಮಣ್ಣನ್ನ? ಇಷ್ಟೆಲ್ಲ ಆದ್ಮೇಲೂ ಬಾಯಿಬಿಟ್ಟು ಬರ್ತೀನಿ ಅನ್ನಲಿಲ್ಲ."

ರೂಪ ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಫಿ ಲೋಟ ಎತ್ತಿಕೊಂಡು, ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಬರ್ತಾನೆ ಅಂತ ಬೀದಿಗೆಲ್ಲ ಗೊತ್ತಾಯ್ತು. ಇಷ್ಟು ವರ್ಷ ನಮ್ಮ ಜೊತೆ ಬಾಳಿ ನಿಮಗೇ ಅರ್ಥವಾಗದ್ದನ್ನ, ಪಾಪ, ಆ ಕಂಪ್ಯೂಟರಿಗೆ ಹೇಳಿಕೊಡೋಕೆ ಹೋದ್ರಲ್ಲ."