ವಡೆ ತಿಂದ ದೆವ್ವ

ಕಥಾಸ್ಪರ್ಧೆಗೆ ಒಂದು ದೆವ್ವದ ಕಥೆ ಬರೆಯುವುದು ಮಹಾ ಬ್ರಹ್ಮವಿದ್ಯೆಯೇ ಎಂದುಕೊಂಡು ಕೂತೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿಗೆ ಓದಿ ಹೇಳಿದೆ. ಹೆದರಿ ಬಿದ್ದರೆ ಇರಲಿ ಎಂದು ಪಕ್ಕದಲ್ಲಿ ನೀರಿನ ಚೊಂಬನ್ನೂ ಇಟ್ಟುಕೊಂಡಿದ್ದೆ. ಅವಳು ಆಕಳಿಸಿದಳು!

“ಪಾಪ, ಆ ಕಾಲಿಟ್ಕೊಂಡು ಚನ್ನಪಟ್ಣದ ಬಸ್ ಹತ್ತದು ಹೆಂಗೆ? ಸತ್ತೋರು ಅಂದ್ರೆ ನಮ್ಮನೆ ಜನದ ಥರಾನೇ ಇರ್ಬೇಕು ಕಣ್ರೀ. ನೀವು ಯಾವತ್ತಾದ್ರೂ ನೋಡಿದ್ದೀರಾ?”

ನೋಡಿರಲಿಲ್ಲ. ಆದರೆ ನೋಡುವ ದಾರಿ ಹೊಳೆಯಿತು. ನಮ್ಮ ಹೊಂಗನೂರಿನಲ್ಲಿ ಪಿತೃಪಕ್ಷಕ್ಕೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಅಪ್ಪ ತೀರಿಕೊಂಡ ಮೇಲೆ ಇದು ಮೊದಲನೆಯ ಎಡೆ. ಅವ್ವ ಬೆಳಗಿನಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ನಾನು ಎಲೆ-ಅಡಿಕೆ ತರಲು ಹೋದವನಂತೆ ನಟಿಸಿ, ಕೋಣೆಯೊಳಗಿನ ರಾಗಿ ಮೂಟೆಯ ಹಿಂದೆ ಅಡಗಿ ಕೂತೆ. ಸಾಹಿತ್ಯಕ್ಕಾಗಿ!

ಬಾಗಿಲು ಮುಚ್ಚಿತು. ಅಪ್ಪ ಬರಲಿಲ್ಲ. ಹಸಿವು ಬಂತು. ಎಡೆ ಮುಗಿಯುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅಪ್ಪನ ಎಲೆಯಿಂದ ಒಂದು ವಡೆ ತೆಗೆದು ಕಚ್ಚಿದೆ. ಗಂಟಲಿಗೆ ಸಿಕ್ಕಿತು. ಕೆಮ್ಮಿದೆ. ಅಪ್ಪನಿಂದ ನನಗೆ ಬಂದ ಆಸ್ತಿಯಲ್ಲಿ ಆ ಕೆಮ್ಮೂ ಒಂದು.

ಹೊರಗೆ ಮಾತು ನಿಂತಿತು. ಅವ್ವ ಬಾಗಿಲ ಹತ್ತಿರ ಬಂದದ್ದು ತಿಳಿಯಿತು.

“ಬಂದ್ರಾ? ಆಸ್ಪತ್ರೇಲಿ ಕೊನೇಗೆ ಒಂದು ಬೀಡಿ ಕೇಳಿದ್ರಿ. ಡಾಕ್ಟ್ರು ಬ್ಯಾಡ ಅಂದವ್ರೆ ಅಂತ ಬೈದ್ಬುಟ್ಟೆ. ಇವತ್ತು ಇಟ್ಟಿವ್ನಿ. ಸಿಟ್ಟು ಬುಟ್ಟು ಒಂದು ಸೇದಿ.”

ನನಗೆ ಅಳು ಬಂತು. ಎಲೆಯ ಪಕ್ಕದಲ್ಲೇ ಬೀಡಿ ಕಟ್ಟು, ಬೆಂಕಿಪೊಟ್ಟಣ ಇದ್ದವು. ಒಂದು ಹಚ್ಚಿಬಿಟ್ಟಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಆದರೆ ಅಪ್ಪನ ಫೋಟೋ ಎದುರಿಗೇ ಬೀಡಿ ಹಚ್ಚುವುದುಂಟೇ? ಐವತ್ತು ದಾಟಿದ ಗಂಡಸು, ಎತ್ತಿಕೊಂಡ ಬೆಂಕಿಪೊಟ್ಟಣವನ್ನು ಮೆಲ್ಲಗೆ ಅಲ್ಲೇ ಇಟ್ಟೆ.

ಕಚ್ಚಿದ ವಡೆಯನ್ನು ಎಲೆಗೇ ಹಾಕಿ, ಬಾಗಿಲು ತೆರೆದಾಗ ಅದರ ಮರೆಯಿಂದ ನುಸುಳಿ ಎಲ್ಲರ ಹಿಂದೆ ನಿಂತೆ. ಅವ್ವ ಕಚ್ಚಿದ ವಡೆ ನೋಡಿ ಕೈ ಮುಗಿದಳು. ಆಮೇಲೆ ಬೀಡಿ ಕಟ್ಟು ನೋಡಿ ಅಲ್ಲೇ ಕುಸಿದು ಕೂತಳು.

“ಬಂದವ್ರೆ. ವಡೆ ತಿಂದವ್ರೆ. ಬೀಡಿ ಮುಟ್ಟಿಲ್ಲ. ನನ್ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ ಕಣಪ್ಪ.”

ಕಾಲು ಹಿಡಿದು ನಿಜ ಹೇಳಿದೆ. ಮೂಟೆ ತೋರಿಸಿದೆ, ಕೆಮ್ಮಿಯೂ ತೋರಿಸಿದೆ. ಅವಳು ನನ್ನ ತಲೆ ಸವರಿದಳು.

“ನಿಮ್ಮಪ್ಪನ ಕೆಮ್ಮು ನಂಗೆ ಗೊತ್ತಾಗಕಿಲ್ವಾ? ನನ್ ಸಮಾಧಾನಕ್ಕೆ ಕಥೆ ಕಟ್ಬ್ಯಾಡ.”

ಆಣೆ ಮಾಡಿದೆ. ಹೆಂಡತಿಯಿಂದಲೂ ಹೇಳಿಸಿದೆ. ಪ್ರಯೋಜನವಾಗಲಿಲ್ಲ. ಅವ್ವ ಈಗ ದಿನಾ ಬೆಳಿಗ್ಗೆ ಫೋಟೋ ಮುಂದೆ ಒಂದು ಬೀಡಿ ಇಡುತ್ತಾಳೆ, ಸಂಜೆ ಹಾಗೇ ಇದೆಯಲ್ಲ ಎಂದು ಅಳುತ್ತಾಳೆ. ಬರೆದ ದೆವ್ವವನ್ನು ಹೆಂಡತಿಯೂ ನಂಬಲಿಲ್ಲ. ವಡೆ ತಿಂದ ದೆವ್ವ ಸುಳ್ಳು ಎಂದರೆ ಅವ್ವ ನಂಬುತ್ತಿಲ್ಲ. ನಾನು ಕಥೆಗಾರನಂತೆ!