ವಶೀಲಿ ಇಲ್ಲದ ಪೆಟ್ಟಿಗೆ

ಸಾಲಿನಲ್ಲಿ ನಿಂತವರನ್ನು ದಾಟಿ ಮುಂದೆ ನುಗ್ಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಸದ್ಗುಣವೆಂದು ಹೇಳಿಕೊಳ್ಳುತ್ತಿಲ್ಲ, ಇದೊಂದು ರೋಗ. ನಮ್ಮ ಬೆಳಗಾವಿ ಕಡೆ ಸರದಿ ಸಾಲಿಗೆ ಪಾಳಿ ಎನ್ನುತ್ತಾರೆ. ಪಾಳಿ ಹಚ್ಚಿ ನಿಲ್ಲುವುದರಲ್ಲೇ ನನ್ನ ಅರ್ಧ ಆಯುಷ್ಯ ಸವೆದಿದೆ. ಸೀಮೆಎಣ್ಣೆಗೆ ಡಬ್ಬಿ ಹಿಡಿದು ನಿಂತಿದ್ದೇನೆ, ಮದುವೆಯಾದ ಹೊಸದರಲ್ಲಿ ಗ್ಯಾಸಿಗೆ ಅರ್ಜಿ ಹಾಕಿ ಮಗಳು ಶಾಲೆಗೆ ಹೋಗುವವರೆಗೆ ಕಾದಿದ್ದೇನೆ. ಇನ್ನೇನು ನನ್ನ ಪಾಳಿ ಬಂತು ಎನ್ನುವಾಗ ಬಗಲಲ್ಲಿ ಚೀಲ ಇಟ್ಟುಕೊಂಡ ಒಬ್ಬ ಪುಣ್ಯಾತ್ಮ ಬಂದು, ಕಿಟಕಿಯೊಳಗೆ ತಲೆ ತೂರಿಸಿ, ಸಾಹೇಬರು ಹೇಳಿದ್ದಾರೆ ಎಂದಷ್ಟೇ ಹೇಳಿ ಕೆಲಸ ಮುಗಿಸಿಕೊಂಡು ಹೋಗುತ್ತಾನೆ. ಯಾವ ಸಾಹೇಬರು ಎಂದು ಕಿಟಕಿಯವನು ಕೇಳುವುದಿಲ್ಲ. ಹಿಂದೆ ನಿಂತ ನಾವೂ ಕೇಳುವುದಿಲ್ಲ. ನಾನು ಮಾತ್ರ ಮನೆಗೆ ಬಂದು ಹೆಂಡತಿಯನ್ನು ಕೇಳುತ್ತೇನೆ. ಅವಳಿಗೆ ಆ ಸಾಹೇಬರ ಪರಿಚಯವಿಲ್ಲ.

ಈ ರೋಗ ನನಗೆ ಬಂದದ್ದು ಅಪ್ಪನಿಂದ. ಅಪ್ಪ ವಡಗಾವಿಯಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದ. ನನ್ನ ಇಂಜಿನಿಯರಿಂಗ್ ಸೀಟು ಸ್ವಲ್ಪದರಲ್ಲಿ ತಪ್ಪಿದ ವರ್ಷ, ಅವನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಒಂದು ಮಾತು ಹೇಳಿ ನೋಡಿ ಎಂದು ಅವ್ವ ಅಂಗಲಾಚಿದಳು. ವಶೀಲಿ ಹಚ್ಚಿ ಕಲಿಯುವ ಮಗ ನನಗೆ ಬೇಡ ಎಂದು ಅಪ್ಪ ಟೊಪ್ಪಿಗೆ ಹಾಕಿಕೊಂಡು ಶಾಲೆಗೆ ಹೊರಟುಬಿಟ್ಟ. ನಾನು ವರ್ಷವಿಡೀ ಓಣಿಯ ಮಗ್ಗಗಳ ಸಪ್ಪಳ ಕೇಳುತ್ತ ಕೂತೆ. ಮರುವರ್ಷ ನನ್ನ ಯೋಗ್ಯತೆಯಿಂದಲೇ ಸೀಟು ಸಿಕ್ಕಿತು, ಅಪ್ಪ ಓಣಿಗೆಲ್ಲ ಪೇಢೆ ಹಂಚಿದ. ಕಾಲೇಜಿಗೆ ಹೋದ ಮೊದಲ ದಿನ ನನ್ನನ್ನು ಬೆಂಚಿನ ಮೇಲೆ ಹತ್ತಿಸಿ ಕುಣಿಸಿದವರು ಪಿ.ಯು.ಸಿ.ಯಲ್ಲಿ ನನ್ನ ಪಕ್ಕದಲ್ಲಿ ಕೂತು ನನ್ನ ಲೆಕ್ಕ ನೋಡಿ ಬರೆದು, ಈಗ ನನಗೆ ಸೀನಿಯರ್ ಆಗಿದ್ದ ಗೆಳೆಯರೇ.

ಕಲಿತ ಮೇಲೆ ನಮ್ಮೂರ ಕೈಗಾರಿಕಾ ಬಡಾವಣೆ ಉದ್ಯಮಬಾಗದ ಒಂದು ಸಣ್ಣ ಕಾರಖಾನೆಗೆ ಸೇರಿದೆ. ಯಂತ್ರಗಳನ್ನು ನಡೆಸುವ ಇಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಮಾಡುವುದು ನಮ್ಮ ಕೆಲಸ. ಎಂಬತ್ತರ ದಶಕ ಅದು, ಕಂಪ್ಯೂಟರ್ ಎಂದರೆ ಜನ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲ. ಮಾಲಕರಾದ ಅಪ್ಪಾಸಾಹೇಬರು ಒಂದು ದಿನ ನನ್ನನ್ನು ಕರೆಸಿ, ಖಾನಾಪುರದ ಹೆಂಚಿನ ಕಾರಖಾನೆಗೆ ಭಟ್ಟಿಯ ಉರಿಯನ್ನು ತಾನೇ ನೋಡಿಕೊಳ್ಳುವ ಪೆಟ್ಟಿಗೆ ಬೇಕಾಗಿದೆ, ಅದು ನಡೆದರೆ ಡಿಸೈನ್ ವಿಭಾಗದ ಮುಖ್ಯಸ್ಥನ ಕುರ್ಚಿ ನಿಮ್ಮದು ಎಂದರು. ಆ ವಿಭಾಗ ಹುಟ್ಟಿದಾಗಿನಿಂದ ಅದರಲ್ಲಿದ್ದವನು ನಾನು. ನನಗಿಂತ ಹಳಬರಿರಲಿಲ್ಲ. ಹಾಗಾಗಿ ಆ ಕುರ್ಚಿ ನನಗೆ ಬರುವುದು ಪಾಳಿಯ ಪ್ರಕಾರವೂ ಸರಿ, ಕೆಲಸದ ಪ್ರಕಾರವೂ ಸರಿ ಎಂದುಕೊಂಡೆ. ಗಿರಿಜಾ, ಎಂದರೆ ನನ್ನ ಹೆಂಡತಿ, ಟಿಳಕವಾಡಿಯ ಮನೆಯಲ್ಲಿ ಆ ರಾತ್ರಿ ಹೋಳಿಗೆಯನ್ನೇ ಮಾಡಿಬಿಟ್ಟಳು. ಅದೇ ತಿಂಗಳು ಅಪ್ಪಾಸಾಹೇಬರ ಹೆಂಡತಿಯ ತಮ್ಮ ವಿಶ್ವನಾಥ ಪುಣೆಯಿಂದ ಬಂದು ಕಾರಖಾನೆಯಲ್ಲಿ ಸುಮ್ಮನೆ ಓಡಾಡತೊಡಗಿದ್ದ. ಹವಾ ಬದಲಾವಣೆಗೆ ಬಂದಿದ್ದಾನೆಂದು ನಾನು ತಿಳಿದಿದ್ದೆ.

ಈ ಪೆಟ್ಟಿಗೆಯ ಒಳಗುಟ್ಟನ್ನು ಸ್ವಲ್ಪ ಹೇಳಬೇಕು. ಅದರೊಳಗೆ ಬೆರಳುದ್ದದ ಒಂದು ಇಲೆಕ್ಟ್ರಾನಿಕ್ ಚಿಪ್, ಆ ಚಿಪ್‌ನಲ್ಲಿ ಒಟ್ಟೊಟ್ಟಿಗೆ ದುಡಿಯುವ ಮೂರು ಪ್ರೋಗ್ರಾಮುಗಳು. ಒಂದು ಭಟ್ಟಿಯ ಕಾವು ಅಳೆಯುತ್ತದೆ, ಒಂದು ಗುಂಡಿಗಳನ್ನು ಯಾರಾದರೂ ಒತ್ತಿದರೇ ಎಂದು ಕಾಯುತ್ತದೆ, ಮೂರನೆಯದು ಎಣ್ಣೆಯ ನಳ ತಿರುಗಿಸುತ್ತದೆ. ಒಬ್ಬರ ಕೆಲಸದಲ್ಲಿ ಒಬ್ಬರು ಕೈ ಹಾಕಿದರೆ ಎಲ್ಲ ರಾಡಿ. ಆದ್ದರಿಂದ ಹೇಳುವುದೇನಿದ್ದರೂ ಒಂದು ಸಂದೇಶ ಮಾಡಿ ಪಾಳಿಯ ತುದಿಗೆ ಇಟ್ಟು ತನ್ನ ಕೆಲಸಕ್ಕೆ ಹೋಗಬೇಕು. ನಳದವನು, ಎಂದರೆ ಆ ಮೂರನೆಯ ಪ್ರೋಗ್ರಾಮು, ಬಿಡುವಾದಾಗ ಮುಂದಿನಿಂದ ಒಂದೊಂದೇ ತೆಗೆದು, ಅದರಂತೆ ನಡೆಯುತ್ತಾನೆ. ಕೂಗಾಟವಿಲ್ಲ, ಮಧ್ಯೆ ಬಾಯಿ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ನಾನು ಚಪ್ಪಲಿ ಬಿಡುವ ಮೊದಲೇ ಅವ್ವ ಒಂದು ಕಡೆಯಿಂದ, ಗಿರಿಜಾ ಇನ್ನೊಂದು ಕಡೆಯಿಂದ ಏಕಕಾಲಕ್ಕೆ ವರದಿ ಒಪ್ಪಿಸುತ್ತಿದ್ದರಾದ್ದರಿಂದ ನನಗೆ ಆ ಪೆಟ್ಟಿಗೆಯ ಸಂಸಾರ ಬಹಳ ಹಿಡಿಸಿತ್ತು.

ಆದರೆ ಇದನ್ನೆಲ್ಲ ಕಲಿಯಲು ತರಿಸಿದ್ದ ಪುಸ್ತಕದಲ್ಲಿ ಇನ್ನೊಂದು ಮಾತು ಬರೆದಿತ್ತು. ತುರ್ತು ಸಂದೇಶವಿದ್ದರೆ ಅದನ್ನು ಪಾಳಿಯ ತುದಿಗಲ್ಲ, ನೇರ ಮುಂದಕ್ಕೆ ಸೇರಿಸಬಹುದಂತೆ. ಓದಿ ಪುಸ್ತಕ ಮಡಚಿಟ್ಟೆ. ಇಲ್ಲಿಯೂ ವಶೀಲಿಯೇ? ಸಾಹೇಬರು ಇಲ್ಲಿಗೂ ಬಂದರೇ? ಊರು ಸುಧಾರಿಸುವುದು ನನ್ನ ಕೈಯಲ್ಲಿಲ್ಲ, ಈ ಪೆಟ್ಟಿಗೆಯಾದರೂ ನನ್ನದು ಎಂದು ಆ ಸೌಕರ್ಯವನ್ನೇ ಕಿತ್ತುಹಾಕಿದೆ. ಯಾರು ಮೊದಲು ಬಂದರೋ ಅವರು ಮೊದಲು. ಊಟಕ್ಕೆ ಕೂತಾಗ ಇದನ್ನು ಹೆಮ್ಮೆಯಿಂದ ಹೇಳಿದೆ.

"ಹೆರಿಗಿ ಬ್ಯಾನಿ ತಿನ್ನಾಕಿ ದವಾಖಾನಿಗೆ ಬಂದ್ರೂ ಹಿಂದ ನಿಂದರು ಅಂತೀರೇನು?" ಎಂದು ಗಿರಿಜಾ ಕೇಳಿದಳು.

ಪೆಟ್ಟಿಗೆಯಲ್ಲಿ ಬಸುರಿಯರು ಇರುವುದಿಲ್ಲ ಎಂದು ಹೇಳಿ ಅವಳ ಬಾಯಿ ಮುಚ್ಚಿಸಿದೆ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ಖಾನಾಪುರಕ್ಕೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಪ್ಯಾಸೆಂಜರ್ ಗಾಡಿಯಲ್ಲಿ ಹೋದೆ. ಹೆಂಚಿನ ಕಾರಖಾನೆಯ ಮಾಲಕ ಸಾವಂತರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬಾಯಿ ತುಂಬ ಸ್ವಾಗತಿಸಿ, ಪೆಟ್ಟಿಗೆಗೆ ಹಾರ ಹಾಕಿ, ಕಾಯಿ ಒಡೆಸಿದರು. ಹಬ್ಬದ ಮುಂದಿನ ದೊಡ್ಡ ಬೇಡಿಕೆಯ ಹೆಂಚುಗಳನ್ನೇ ಭಟ್ಟಿಗೆ ತುಂಬಿಸಿದ್ದರು. ಅಪ್ಪಾಸಾಹೇಬರೂ ಬಂದಿದ್ದರು, ಅವರ ಹಿಂದೆ ವಿಶ್ವನಾಥ. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಆದರೆ ಕಾವು ಅಳೆಯುವ ಪ್ರೋಗ್ರಾಮು ಬಲು ವಾಚಾಳಿ. ಕಾವು ಕೂದಲೆಳೆಯಷ್ಟು ಅಲುಗಿದರೂ ಒಂದು ಸಂದೇಶ. ಎಣ್ಣೆಯ ನಳವೋ ಸೋಮಾರಿ, ಒಂದು ಸಂದೇಶಕ್ಕೆ ಒಂದು ಸುತ್ತು ತಿರುಗಲು ಅದಕ್ಕೆ ಸಾವಕಾಶ ಬೇಕು. ಪಾಳಿ ಬೆಳೆಯುತ್ತ ಹೋಯಿತು. ಭಟ್ಟಿ ಕೆಂಡವಾದ ಮೇಲೂ ನಳದವನ ಕೈಗೆ ಬರುತ್ತಿದ್ದದ್ದು ಭಟ್ಟಿ ಇನ್ನೂ ತಣ್ಣಗಿದ್ದಾಗ ಬರೆದ ಸಂದೇಶಗಳು. ಎಣ್ಣೆ ಇನ್ನಷ್ಟು ಬಿಡು, ಇನ್ನಷ್ಟು ಬಿಡು. ಅವನು ಬಿಡುತ್ತಲೇ ಇದ್ದ.

ಉರಿಯ ಬಣ್ಣ ನೋಡಿ ಸಾವಂತರ ಮುಖ ಇಳಿಯಿತು. ಓಡಿ ಬಂದು ನಿಲ್ಲಿಸುವ ಕೆಂಪು ಗುಂಡಿ ಒತ್ತಿದರು. ಆ ಸಂದೇಶ ವಿನಯದಿಂದ ಹೋಗಿ ಪಾಳಿಯ ತುದಿಯಲ್ಲಿ ನಿಂತಿತು. ಮತ್ತೆ ಒತ್ತಿದರು. ಅದೂ ಹೋಗಿ ಅದರ ಹಿಂದೆ ನಿಂತಿತು. ಇದು ನಿಲ್ಲುತ್ತಿಲ್ಲವಲ್ಲ ಎಂದು ಅವರು ಕೂಗಿದಾಗ ನನ್ನ ಬಾಯಿಂದ ಬಂದ ಮಾತು ಇವತ್ತಿಗೂ ಖಾನಾಪುರದಲ್ಲಿ ಚಾಲ್ತಿಯಲ್ಲಿದೆಯಂತೆ.

"ಬರತೈತ್ರಿ, ಪಾಳಿ ಬರತೈತ್ರಿ," ಎಂದೆ.

ಕೊನೆಗೆ ಸಾವಂತರೇ ಕೈಗೆ ಟವೆಲ್ ಸುತ್ತಿಕೊಂಡು ಎಣ್ಣೆಯ ದೊಡ್ಡ ನಳ ಬಂದ್ ಮಾಡಿದರು. ಭಟ್ಟಿ ಆರಿದ ಎಷ್ಟೋ ಹೊತ್ತಿನ ಮೇಲೆ ನನ್ನ ಪೆಟ್ಟಿಗೆ ಟಕ್ ಎಂದು ಸಪ್ಪಳ ಮಾಡಿ, ಅಪ್ಪಣೆಯಂತೆ ನಿಲ್ಲಿಸಿದ್ದೇನೆಂದು ದೀಪ ಹಚ್ಚಿ ತೋರಿಸಿತು. ಅವರು ಒತ್ತಿದಷ್ಟು ಸಲವೂ ತೋರಿಸಿತು. ಹೆಂಚುಗಳು ಕರಗಿ ಒಂದಕ್ಕೊಂದು ಅಂಟಿ ಬಂಡೆಯಾಗಿದ್ದವು. ಸಾವಂತರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾರವನ್ನು ಮಾತ್ರ ಪೆಟ್ಟಿಗೆಯಿಂದ ತೆಗೆದು ಪಕ್ಕಕ್ಕಿಟ್ಟರು.

ನಾನು ಖಾನಾಪುರದಲ್ಲೇ ಉಳಿದು ಪೆಟ್ಟಿಗೆ ಸರಿಪಡಿಸಿದೆ. ಸರಿಪಡಿಸುವುದೇನು, ಕಿತ್ತುಹಾಕಿದ್ದ ವಶೀಲಿಯನ್ನು ಮತ್ತೆ ಒಳಗೆ ಕರೆದೆ. ಕೆಂಪು ಗುಂಡಿಯ ಸಂದೇಶ ಬಂದರೆ ಉಳಿದವರೆಲ್ಲ ಬದಿಗೆ ಸರಿಯಬೇಕು. ಬರೆಯುವಾಗ ಟೊಪ್ಪಿಗೆ ಹಾಕಿಕೊಂಡ ಅಪ್ಪನ ಮುಖ ಕಣ್ಣ ಮುಂದೆಯೇ ಇತ್ತು. ಹಳೆಯ ಕಾವಿನ ಸಂದೇಶಗಳನ್ನು ಎಸೆದು ಹೊಸದೊಂದನ್ನೇ ಇಟ್ಟುಕೊಳ್ಳುವಂತೆಯೂ ಮಾಡಿದೆ. ಮುಂದಿನ ಭಟ್ಟಿಯ ಹೆಂಚು ಬೆರಳಲ್ಲಿ ಬಡಿದರೆ ಗಂಟೆಯಂತೆ ನುಡಿಯಿತು. ಸಾವಂತರು ಚಹಾ ಕುಡಿಸಿದರು. ಅಪ್ಪಾಸಾಹೇಬರಂತೂ ಹಿಗ್ಗಿ, ಮುಂಬೈಯ ಗಿರಾಕಿಗಳನ್ನು ಸಾಂಬ್ರಾದಲ್ಲಿ ವಿಮಾನದಿಂದ ಇಳಿಸಿಕೊಂಡು ನೇರ ಖಾನಾಪುರಕ್ಕೇ ಕರೆತಂದರು. ಎಲ್ಲ ಸಂದೇಶಗಳೂ ಸಮವಲ್ಲ, ಯಾವುದನ್ನು ತಡೆದರೆ ಹೆಚ್ಚು ಹಾನಿಯೋ ಅದನ್ನು ಮೊದಲು ಬಿಡಬೇಕು, ಹೊತ್ತಿಗೆ ಸರಿಯಾಗಿ ಆಗಬೇಕಾದ ಕೆಲಸದಲ್ಲಿ ಅದೇ ನ್ಯಾಯ ಎಂದು ನಾನು ಅವರ ಮುಂದೆ ಅರ್ಧ ಗಂಟೆ ಕೊರೆದೆ. ಅಪ್ಪಾಸಾಹೇಬರು ತಲೆದೂಗುತ್ತ ಕೇಳಿದರು. ಅಷ್ಟು ಶ್ರದ್ಧೆಯಿಂದ ಅವರು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಮುಂದಿನ ತಿಂಗಳು ಮುಖ್ಯಸ್ಥನ ಕುರ್ಚಿಯಲ್ಲಿ ವಿಶ್ವನಾಥ ಕೂತಿದ್ದ. ನಾನು ನೇರ ಅಪ್ಪಾಸಾಹೇಬರ ಕೋಣೆಗೆ ಹೋಗಿ, ಪಾಳಿ ನನ್ನದಿತ್ತು, ನೀವು ಮಾತು ಕೊಟ್ಟಿದ್ದಿರಿ ಎಂದೆ. ಅವರು ಸಿಟ್ಟಾಗಲಿಲ್ಲ. ಕುಂದರ್ರಿ ಎಂದು ಕುರ್ಚಿ ತೋರಿಸಿದರು.

"ಹಿರೇಮಠ, ನೀವ ಹೇಳಿದ್ರಲ್ಲ, ಯಾವುದನ್ನ ತಡದ್ರ ಭಾಳ ಹಾನಿ ಆಗತೈತಿ ಅದನ್ನ ಮೊದಲ ಬಿಡಬೇಕು ಅಂತ. ಖರೇ ಐತಿ ನಿಮ್ಮ ಮಾತು. ವಿಶ್ವನಾಥನ್ನ ತಡದ್ರ ನಮ್ಮ ಮನ್ಯಾಗ ಒಲಿ ಹತ್ತೂದಿಲ್ಲ. ನಿಮ್ಮನ್ನ ತಡದ್ರ ಏನಾಗತೈತಿ, ನೀವ ಹೇಳ್ರಿ?"

ಪ್ರಶ್ನೆ ತಾಂತ್ರಿಕವಾಗಿತ್ತು. ನಾನು ಪ್ರಾಮಾಣಿಕವಾಗಿ ಯೋಚಿಸಿದೆ.

"ಏನೂ ಆಗೂದಿಲ್ರಿ," ಎಂದೆ.

ಇದನ್ನು ಕೇಳಿ ಗಿರಿಜಾ ಹಣೆ ಹಣೆ ಬಡಿದುಕೊಂಡಳು. ಅವರು ಕೊರಳು ಕೊಯ್ಯಲಿಕ್ಕೆ ನೀವೇ ಚಾಕು ಮಸೆದು ಕೊಟ್ಟು ಬಂದಿರಾ ಎಂದಳು. ನನಗೂ ಆಗ ಸಿಟ್ಟು ಬಂತು. ಇಷ್ಟು ವರ್ಷ ತಲೆ ತಗ್ಗಿಸಿ ದುಡಿದದ್ದಕ್ಕೆ ಇದು ಮರ್ಯಾದೆಯೇ? ನಾನಿಲ್ಲದಿದ್ದರೆ ಏನಾಗುತ್ತದೆಂದು ಅವರಿಗೂ ಗೊತ್ತಾಗಲಿ ಎಂದು, ಹಾನಿ ಮಾಡಬೇಕೆಂಬ ಏಕೈಕ ಉದ್ದೇಶದಿಂದ, ಜ್ವರವೆಂದು ಹೇಳಿ ಕಳಿಸಿ ವಾರವಿಡೀ ಮನೆಯಲ್ಲಿ ಕೂತೆ. ಗೇಟು ಸಪ್ಪಳವಾದಾಗಲೆಲ್ಲ ಚಾದರ ಹೊದ್ದು ಮಲಗುತ್ತಿದ್ದೆ. ಹಾಲಿನವನು ಬಂದ, ಪೇಪರಿನವನು ಬಂದ. ಕಾರಖಾನೆಯಿಂದ ಯಾರೂ ಬರಲಿಲ್ಲ.

ವಾರ ಕಳೆದು ನಾನು ಕಾರಖಾನೆಗೆ ಹೋದಾಗ ವಿಶ್ವನಾಥ ಎದ್ದು ನಿಂತು ಮಾತಾಡಿಸಿದ. ಕೆಟ್ಟ ಮನುಷ್ಯನೇನಲ್ಲ, ಅದೇ ನನ್ನ ದುಃಖ.

"ರಜಾದಾಗಿದ್ರೇನ್ರಿ? ನನಗ ಗೊತ್ತಽ ಆಗಲಿಲ್ಲ. ಖಾನಾಪುರದ ಪೆಟಗಿ ಒಂದ ದಿನಾನೂ ತ್ರಾಸ ಕೊಡಲಿಲ್ಲ ನೋಡ್ರಿ. ಭಾಳ ಛಲೋ ಮಾಡೀರಿ."

ನಾನು ಥ್ಯಾಂಕ್ಸ್ ಹೇಳಿದೆ.