ಬೆಂಕಿಯಿಲ್ಲದ ಬೆಸುಗೆ

ನಮ್ಮ ಮನೆಯವರು ಹುಬ್ಬಳ್ಳಿಯ ಪಾಲಿಟೆಕ್ನಿಕ್ಕಿನಲ್ಲಿ ವೆಲ್ಡಿಂಗ್ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಏನಾದರೂ ಮುರಿದರೆ ಅವರಿಗೆ ಹಬ್ಬ. ಅವರೇ ಕಟ್ಟಿದ ಹೊಸ ಬೆಸುಗೆ ಯಂತ್ರ ನೋಡಲು ಪಂಪ್ ಕಾರ್ಖಾನೆಯ ಮಾಲೀಕ ಶಿರಗುಪ್ಪಿಯವರು ಬಂದ ದಿನ ನಾನು ಇಳಕಲ್ ಸೀರೆ ಉಟ್ಟು, ಯಾರೂ ಕರೆಯದಿದ್ದರೂ ಯಂತ್ರದ ಪಕ್ಕದಲ್ಲೇ ನಿಂತಿದ್ದೆ.

“ಇದಕ್ಕ ಬೆಂಕಿ ಬ್ಯಾಡ್ರಿ,” ಎಂದರು ಇವರು. “ಈ ತಾಮ್ರದ ಸುರುಳ್ಯಾಗ ಕರೆಂಟ್ ಹರಿತೈತಿ, ನಡುವ ಇಟ್ಟ ಲೋಹ ತಾನ ಕಾಯ್ತೈತಿ.”

“ಅಂಥಾದ್ದು ನಮ್ಮಲ್ಲೂ ಐತಿ, ಹೂಲಿ ಸರ್. ಒಮ್ಮೆ ಕರಗಿ ಹೋಗತೈತಿ, ಒಮ್ಮೆ ಅರ್ಧಾನ ಕಾಯ್ತೈತಿ.”

“ಅದಕ್ಕ ಈ ಕಂಪ್ಯೂಟರ್. ಮೊದಲ ಕಾಸಿದಂಗ ಲೆಕ್ಕಾ ಹಾಕಿ ಪರದೆ ಮ್ಯಾಲ ತೋರಸ್ತೈತಿ, ಆಮ್ಯಾಲ ಕರೆಂಟ್ ಬಿಡ್ತೈತಿ.”

ಅತ್ತೆಯ ಮುರಿದ ಹಿತ್ತಾಳೆ ಸೌಟನ್ನು, ತುದಿಗಳ ನಡುವೆ ಬೆಸುಗೆ ತಂತಿಯ ಚೂರಿಟ್ಟು, ಸುರುಳಿಯೊಳಗೆ ಇರಿಸಿದರು. ಪರದೆಯ ಮೇಲಿನ ಸೌಟು ಮುರಿದ ಜಾಗದಲ್ಲಿ ಕೆಂಪಾಯಿತು. ಮರುಗಳಿಗೆಯಲ್ಲಿ ನಿಜವಾದ ಸೌಟೂ ಅಲ್ಲೇ ಕೆಂಪಾಗಿ, ಮುರಿದ ಗುರುತೇ ಇಲ್ಲದಂತೆ ಕೂಡಿಕೊಂಡಿತು. ಹೆಮ್ಮೆಯಲ್ಲಿ ನಾನು ಶಿರಗುಪ್ಪಿಯವರ ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕಿದೆ.

“ದೊಡ್ಡ ಸಾಮಾನಿಗೆ ಈ ಸುರುಳಿ ಸಾಲೂದಿಲ್ಲ,” ಎಂದರು ಶಿರಗುಪ್ಪಿ.

“ಸಾಲೂವಂಥಾ ಸುರುಳಿ ತಾನ ಹುಡುಕ್ಕೋತೈತಿ,” ಎಂದು ಇವರು ಇನ್ನೊಂದು ಗುಂಡಿ ಒತ್ತಿದರು.

ಪರದೆಯ ಮೇಲೆ ನಮ್ಮ ಮನೆಯೇ ಮೂಡಿತು. ಗೋಡೆಯೊಳಗಿನ ವೈರುಗಳೆಲ್ಲ ಸೇರಿ ಒಂದು ಭಾರಿ ಸುರುಳಿಯಾದವು. ಕೋಣೆಯ ಬಾಗಿಲಿಗೆ ಹಾಕಿದ್ದ ಚಿಲಕ ಕೆಂಪಾಯಿತು.

“ಚಿಲಕ ಯಾಕ ಕೆಂಪಾತು?” ಎಂದೆ.

“ಬರೇ ಲೆಕ್ಕಾ ಅದು. ಖರೇ ಅಲ್ಲ.”

ಬಾಗಿಲು ಚುಂಯ್ ಎಂದಿತು. ಚಿಲಕ ಕೊಂಡಿಗೆ ಬೆಸೆದುಹೋಗಿತ್ತು. ನಾವು ಮೂವರೂ ಒಳಗೆ. ಅಷ್ಟರಲ್ಲಿ ಪರದೆಯ ಮೇಲೆ ಸಣ್ಣದೊಂದು ಚೌಕ ಕೆಂಪಾಗತೊಡಗಿತು.

“ಸಾವಕಾರ್ರ, ಅದು ನಿಮ್ಮ ಬೆಲ್ಟಿನ ಬಕ್ಕಲ್ ಕಾಣಸ್ತದರಿ,” ಎಂದೆ.

ಶಿರಗುಪ್ಪಿಯವರು ಬೆಲ್ಟು ಕಿತ್ತೆಸೆದು, ಪ್ಯಾಂಟು ಹಿಡಿದುಕೊಂಡು ನಿಂತರು. ಬೆಲ್ಟು ಹೋಗಿ ಮೂಲೆಯಲ್ಲಿದ್ದ ತಿಜೋರಿಗೆ ಅಂಟಿಕೊಂಡಿತು.

ಕೆಂಪು ಗೆರೆ ಈಗ ಕರೆಗಂಟೆಯ ವೈರಿನಗುಂಟ ಗೇಟಿನ ಕಡೆ ಹೊರಟಿತು.

“ಗೇಟಿಗೆ ಹತ್ತಿ ನಿಂತದ್ದು ಏನ್ರಿ ಅದು?” ಎಂದು ಕೇಳಿದೆ.

“ನನ್ನ ಕಾರು,” ಎಂದರು ಶಿರಗುಪ್ಪಿ. “ಸರ್, ಬಂದ್ ಮಾಡ್ರಿ!”

“ಬಂದ್ ಮಾಡೂ ಗುಂಡೀನೂ ಬೆಸಕೊಂಡೈತ್ರಿ.”

ನಾನು ಕಿಟಕಿಯಿಂದ ಕೂಗಿದೆ. “ಅತ್ತೀ, ಮೇನ್ ಸ್ವಿಚ್ ತಗೀರಿ!”

“ತಡೀ, ಹಪ್ಪಳ ಹಾರ್ತಾವ,” ಎಂದರು ಅಂಗಳದಲ್ಲಿದ್ದ ಅತ್ತೆ. ಹಪ್ಪಳಕ್ಕೆ ಬಟ್ಟೆ ಮುಚ್ಚಿ, ಕೈ ತೊಳೆದು, ಸ್ವಿಚ್ಚು ಇಳಿಸುವ ಹೊತ್ತಿಗೆ ಕಾರಿನ ಮೂತಿಯೂ ನಮ್ಮ ಗೇಟೂ ಒಂದಾಗಿದ್ದವು. ನೆರೆಯವರು ಬಂದು ಬಾಗಿಲು ಒಡೆದರು. ಶಿರಗುಪ್ಪಿಯವರು ಕ್ರೇನ್ ತರಿಸಿ, ಗೇಟಿನ ಸಮೇತ ಕಾರನ್ನು ಒಯ್ದರು.

ಇವರು ಊಟ ಬಿಟ್ಟು ಕೂತರು. “ವರ್ಷಗಟ್ಟಲೆ ಮಾಡಿದ್ದು ಹಾಳಾತು.”

“ಬೆಸುಗಿ ಎಲ್ಲ್ಯಾರ ಬಿಟ್ಟಿತೇನ್ರಿ?” ಎಂದೆ.

“ಇಲ್ಲ.”

“ಮತ್ತ ಉಣ್ಣರಿ.”

ಮರುದಿನ ಶಿರಗುಪ್ಪಿಯವರ ಫೋನ್ ಬಂತು. “ಹೂಲಿ ಸರ್, ಎರಡೂ ಕಡಿಂದ ಲಾರಿ ಕಟ್ಟಿ ಎಳಸಿದೆ. ಕಾರಿನ ಮೂತಿ ಹರೀತು, ಗೇಟಿನ ಸರಳು ಮುರೀತು, ನಿಮ್ಮ ಬೆಸುಗಿ ಮಾತ್ರ ಅಲಗಾಡಲಿಲ್ಲ. ಯಂತ್ರ ಯಾವಾಗ ಕೊಡ್ತೀರಿ?”

ಈಗ ಆ ಕಾರ್ಖಾನೆಯ ಪಂಪುಗಳನ್ನೆಲ್ಲ ಇವರ ಯಂತ್ರವೇ ಬೆಸೆಯುತ್ತದೆ. ಕಾರಿನ ಮೂತಿ ಬೆಸೆದುಕೊಂಡಿದ್ದ ನಮ್ಮ ಗೇಟಿನ ತುಂಡನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಾನೇ ಹೋಗಿ ನೋಡಿ ಬಂದೆ. ಶಿರಗುಪ್ಪಿಯವರು ಈಗಲೂ ನಮ್ಮ ಮನೆಗೆ ಬರುತ್ತಾರೆ, ಕಾರನ್ನು ಮಾತ್ರ ಆಚೆಯ ಓಣಿಯಲ್ಲಿ ಬಿಟ್ಟು.